ತಪ್ಪುಗಳನ್ನು ಒರೆಸಬಹುದೇ?

ವಿದ್ಯಾರ್ಥಿಯು ತನ್ನ ತಪ್ಪನ್ನು ಒರೆಸಿಬಿಡುವುದು ಯುಕ್ತವೋ, ಉಳಿಸಿಕೊಳ್ಳುವುದು ಯುಕ್ತವೋ ಎಂಬ ಪ್ರಶ್ನೆಯು ಈಚೆಗೆ ನಮ್ಮ ಮನೆಯಲ್ಲಿಯೇ ಉದ್ಭವಿಸಿತು. ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆಯುವುದನ್ನು ಕಾಲೇಜಿನಲ್ಲಿ ಹೊಸದಾಗಿ ಕಲಿಯುತ್ತಿರುವ ನಮ್ಮ ಅಣ್ಣನ ಮೊಮ್ಮಗಳು ರಜೆಗೆಂದು ಕನಕಪುರಕ್ಕೆ ಬಂದಿದ್ದಳು. ಅಭ್ಯಾಸದ ಕೆಲಸವನ್ನು 'ಗಿಟ್' ಎಂಬ ಸಾಧನದಲ್ಲಿ ಹಂತಹಂತವಾಗಿ ದಾಖಲು ಮಾಡಿ ಒಪ್ಪಿಸತಕ್ಕದ್ದೆಂದು ಅವಳ ಉಪಾಧ್ಯಾಯರು ವಿಧಿಸಿದ್ದರು. "ತಾತ, ಮೂರು ಸಲ ತಪ್ಪು ಮಾಡಿದ್ದೆಲ್ಲ ಇದರಲ್ಲಿ ಕಾಣುತ್ತೆ. ಹಳೆಯದನ್ನೆಲ್ಲ ತೆಗೆದು, ಕೊನೆಯದನ್ನು ಮಾತ್ರ ಕೊಟ್ಟುಬಿಡಲಾ?" ಎಂದು ಅವಳು ಕೇಳಿದಳು.

ಈ ಸಾಧನವನ್ನು 2005ನೆಯ ಇಸವಿಯಲ್ಲಿ ಲೈನಸ್ ಟೊರ್ವಾಲ್ಡ್ಸ್ ಎಂಬವರು, ಲಿನಕ್ಸ್ ಕರ್ನೆಲ್ಲಿನ ರಚನೆಯಲ್ಲಿ ತೊಡಗಿದ್ದ ಅನೇಕರ ಬರಹಗಳನ್ನು ಕೂಡಿಸುವುದಕ್ಕಾಗಿ ನಿರ್ಮಿಸಿದರು. ಒಂದು ಹಂತವು ಮುಗಿದಾಗ 'ಕಮಿಟ್' ಮಾಡಿದರೆ, ಆಗಿನ ಬರಹವು ಕರ್ತೃವಿನ ಹೆಸರು, ಕಾಲ, ಮಾರ್ಪಾಟಿನ ವಿವರಣೆ ಇವುಗಳೊಡನೆ ಉಳಿಯುವುದು. ಪ್ರತಿಯೊಂದು ದಾಖಲೆಯೂ ಹಿಂದಿನದರ ಗುರುತನ್ನು ತನ್ನೊಳಗೆ ಹೊತ್ತಿರುವುದರಿಂದ, ಹಳೆಯದೊಂದನ್ನು ತಿದ್ದಿದರೆ ಮುಂದಿನವುಗಳ ಗುರುತುಗಳೆಲ್ಲವೂ ಬದಲಾಗುವುವು. ಪಾಠಶಾಲೆಯಲ್ಲಿ ಓದಿದ ನನಗೆ ಇದರಿಂದ ವೇದದ ಕ್ರಮಪಾಠವು ನೆನಪಾಯಿತು. ಅಲ್ಲಿಯೂ ಮೊದಲ ಪದದೊಡನೆ ಎರಡನೆಯದನ್ನು, ಎರಡನೆಯದರೊಡನೆ ಮೂರನೆಯದನ್ನು ಜೋಡಿಸಿ ಹೇಳುವುದರಿಂದ, ನಡುವೆ ಒಂದು ಪದವು ಜಾರಿದರೂ ಸರಪಣಿಯು ತುಂಡಾದುದು ತಿಳಿಯುವುದು.

ಇಲ್ಲಿ ಒಂದು ಆಕ್ಷೇಪಣೆಯು ಬರುವುದು. ಸ್ಲೇಟಿನ ಗುಣವೇ ಮರೆವು. ತಪ್ಪಿದರೆ ಒರೆಸಬಹುದೆಂಬ ಧೈರ್ಯದಿಂದಲೇ ಮಗುವು ಬಳಪವನ್ನು ಹಿಡಿಯುವುದು. ಎಡವಿದುದನ್ನೆಲ್ಲಾ ನೆನಪಿಡುವ ಯಂತ್ರದ ಮುಂದೆ ಕಲಿಯುವವರಿಗೆ ಕೈ ನಡುಗದೇ? ಈ ಆಕ್ಷೇಪಣೆಯು ಅಲ್ಪವಾದುದಲ್ಲ.

ಆದರೆ ಆ ಮರೆವಿನ ದೆಸೆಯಿಂದ ನಾನೇ ಒಮ್ಮೆ ಅನ್ಯಾಯ ಮಾಡಿದ್ದೇನೆ. ಮಂದನೆಂದು ನಾನು ಎಣಿಸಿದ್ದ ಹುಡುಗನೊಬ್ಬನು ಕಠಿನವಾದ ಲೆಕ್ಕವೊಂದಕ್ಕೆ ಸರಿಯುತ್ತರವನ್ನು ತಂದನು. ಮಾಡಿದ ಕ್ರಮವೆಲ್ಲಿ ಎಂದೆನು. "ಒರೆಸಿಬಿಟ್ಟೆ ಮೇಷ್ಟ್ರೇ" ಎಂದನು. ತರಗತಿಯ ಎದುರಿಗೆ ಅವನನ್ನು ಕಳ್ಳನೆಂದು ಜರೆದೆನು. ಮರುದಿನ ಅಂಥದೇ ಇನ್ನೊಂದು ಲೆಕ್ಕವನ್ನು ಅವನು ಬೋರ್ಡಿನ ಮೇಲೆ ತಪ್ಪಾಗಿ ಆರಂಭಿಸಿ, ತಾನೇ ತಿದ್ದಿಕೊಂಡು ಮುಗಿಸಿದನು. ಎಲ್ಲರೆದುರಿಗೆ ಬೈದಿದ್ದ ನಾನು ಎಲ್ಲರೆದುರಿಗೆ ತಪ್ಪೊಪ್ಪಿಕೊಳ್ಳಲಿಲ್ಲ. ಆಮೇಲೆ ಅವನು ತಾನಾಗಿ ಕೈ ಎತ್ತಿದುದನ್ನು ನಾನು ಕಾಣೆನು.

ಆದುದರಿಂದ ನಡೆದ ದಾರಿಯ ದಾಖಲೆಯು ಮುಖ್ಯವಾಗಿ ವಿದ್ಯಾರ್ಥಿಯ ಪರವಾದ ಸಾಕ್ಷಿಯೆಂದು ಭಾವಿಸುತ್ತೇನೆ. ಭಯಕ್ಕೂ ಸಮಾಧಾನವುಂಟು. ಚನ್ನಪಟ್ಟಣದ ಬೊಂಬೆಯ ಕೆಲಸದಲ್ಲಿ ಉಳಿಯು ಹೆಚ್ಚು ಕೆತ್ತಿದರೆ ಮರವು ಮರಳಿ ಬಾರದು. ಇಲ್ಲಿ ಕೆಟ್ಟರೆ ನಿನ್ನೆಯ ಸರಿಯಾದ ಹಂತಕ್ಕೆ ಹಿಂದಿರುಗಬಹುದು. ಉಳಿದಿರುವ ದಾಖಲೆಯೇ ಹೊಸ ಪ್ರಯತ್ನಕ್ಕೆ ಧೈರ್ಯವಾಗುವುದು.

ಆದರೂ ಯಂತ್ರವು ಪ್ರಾಮಾಣಿಕತೆಯನ್ನು ಹುಟ್ಟಿಸಲಾರದು. ಗಿಟ್‌ನಲ್ಲಿಯೂ ತನ್ನ ಚರಿತ್ರೆಯನ್ನು ತಿದ್ದಿ ಬರೆಯಲು ಉಪಾಯಗಳುಂಟು. ನಕಲನ್ನು ತುಂಡುತುಂಡಾಗಿ ಸೇರಿಸುವವರನ್ನು ಅದು ತಡೆಯದು. ಹೆಚ್ಚಿನ ಹೊಣೆಯು ಉಪಾಧ್ಯಾಯನದು. ತಿದ್ದಿಕೊಂಡ ತಪ್ಪಿಗೆ ಅಂಕವನ್ನು ಕಳೆಯುವವನಿದ್ದಲ್ಲಿ ವಿದ್ಯಾರ್ಥಿಯು ಒರೆಸಿಯೇ ಒರೆಸುವನು. ಆ ಸುಳ್ಳಿನಲ್ಲಿ ಗುರುವಿಗೂ ಪಾಲುಂಟು.

ಆ ಹುಡುಗನ ಸಂಗತಿಯನ್ನು ಅವಳಿಗೆ ಹೇಳಿದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಏನನ್ನೂ ತೆಗೆಯದೆ ಹಾಗೆಯೇ ಒಪ್ಪಿಸಿದಳು.