ದಾನಿಯಿಲ್ಲದ ರಕ್ತವಿಲ್ಲ



“ಪ್ರಯೋಗಾಲಯದಲ್ಲಿ ರಕ್ತ ಬೆಳೆಸುವುದೇ? ಅದು ದೇವರ ಕೆಲಸಕ್ಕೆ ಕೈಹಾಕಿದಂತೆ” ಎಂದು ಕೆಲವರು ಅಂಜುತ್ತಾರೆ. “ಹಾಗಾದರೆ ಇನ್ನು ನಾವು ರಕ್ತ ಕೊಡಬೇಕಾಗಿಲ್ಲ” ಎಂದು ಬೇರೆ ಕೆಲವರು ನಿರಾಳರಾಗುತ್ತಾರೆ. ಇಬ್ಬರೂ ತುಸು ನಿಂತು ಯೋಚಿಸಬೇಕು.

2022ರಲ್ಲಿ ಬ್ರಿಟನ್ನಿನಲ್ಲಿ, ಹೀಗೆ ಬೆಳೆಸಿದ ಕೆಂಪು ರಕ್ತಕಣಗಳನ್ನು ಮೊದಲ ಬಾರಿಗೆ ಇನ್ನೊಬ್ಬರ ದೇಹಕ್ಕೆ ಕೊಟ್ಟು ಪರೀಕ್ಷಿಸಿದರು. ಕೊಟ್ಟದ್ದು ಒಂದೆರಡು ಚಮಚದಷ್ಟು ಮಾತ್ರ. ಆ ಕಣಗಳು ಶೂನ್ಯದಿಂದ ಹುಟ್ಟಲಿಲ್ಲ. ದಾನಿಯೊಬ್ಬರು ಮನಸಾರೆ ಕೊಟ್ಟ ರಕ್ತದಿಂದ ಮೂಲಕೋಶಗಳನ್ನು ಆರಿಸಿ ಬೆಳೆಸಿದರು. ಯಾವ ಭ್ರೂಣಕ್ಕೂ ಹಾನಿಯಾಗಲಿಲ್ಲ. ವಿಜ್ಞಾನಿ ಇಲ್ಲಿ ತೋಟಗಾರನಂತೆ. ಬೀಜವನ್ನು ಅವನು ಸೃಷ್ಟಿಸಲಿಲ್ಲ.

ಅಪರೂಪದ ರಕ್ತಗುಂಪಿನವರಿಗೆ ನೆರವಾಗುವುದೇ ಇದರ ಮುಖ್ಯ ಆಶಯ. 1952ರಲ್ಲಿ ಮುಂಬಯಿಯಲ್ಲಿ ಮೊದಲು ಗುರುತಿಸಿದ ‘ಬಾಂಬೆ’ ಗುಂಪಿನವರಿಗೆ ಅದೇ ಗುಂಪಿನ ರಕ್ತವೇ ಬೇಕು. ಅಂಥ ಮಗುವಿನ ತಾಯಿ ಆಸ್ಪತ್ರೆಯ ಬಾಗಿಲಲ್ಲಿ ಕಾಯುವ ಸಂಕಟವನ್ನು ನೆನೆಯಿರಿ.

ಯೇಸುಸ್ವಾಮಿ ಹೇಳಿದ ಸಾಮತಿಯಲ್ಲಿ ಸಮಾರಿಯದವನು ಗಾಯಾಳುವಿಗೆ ಎಣ್ಣೆ, ದ್ರಾಕ್ಷಾರಸ ಹಚ್ಚಿದ. ತನ್ನಲ್ಲಿದ್ದ ಔಷಧವನ್ನು ಪ್ರೀತಿಯಿಂದ ಬಳಸಿದ. ಹೊಸ ಔಷಧವನ್ನೂ ನಾವು ಇದೇ ಅಳತೆಗೋಲಿನಿಂದ ಅಳೆಯೋಣ: ಅದು ಜೀವವನ್ನು ಗೌರವಿಸುತ್ತದೆಯೇ? ಬಡವನಿಗೂ ದೊರೆಯುತ್ತದೆಯೇ?

ಈ ರಕ್ತ ಇನ್ನೂ ಆಸ್ಪತ್ರೆಗಳ ನಿತ್ಯದ ಚಿಕಿತ್ಸೆಯಾಗಿಲ್ಲ. ಅದು ಬಂದರೂ ಮೊದಲ ಹನಿ ಒಬ್ಬ ದಾನಿಯದೇ. ಇಂದು ಸಂಜೆ ಜಪಸರದ ನಂತರ ಮನೆಮಂದಿಯೆಲ್ಲ ಕೇಳಿಕೊಳ್ಳೋಣ: ನಮ್ಮಲ್ಲಿ ಯಾರು ರಕ್ತ ಕೊಡಬಲ್ಲರು?