ಇಂದಿನ ಧಮ್ಮ ಚಿಂತನೆ: ಟಾಂಗ್ರಾದಲ್ಲಿ ಒಂದು ಊಟ

 

ಗಾಡಿ ಅಂಗಡಿಯಲ್ಲಿ ನಾವು ತಿನ್ನುವ ಹಕ್ಕಾ ನೂಡಲ್ಸ್‌ನಲ್ಲಿ 'ಹಕ್ಕಾ' ಎಂಬುದು ಒಂದು ಜನದ ಹೆಸರು. ಅತಿಥಿಗಳಾಗಿ ಬಂದ ಮನೆತನದವರು ಎಂದು ಅರ್ಥ. ಚೀನಾದ ಉತ್ತರದಿಂದ ದಕ್ಷಿಣಕ್ಕೆ ವಲಸೆ ಬಂದ ಇವರಿಗೆ ಉಳಿದದ್ದು ಹೆಚ್ಚಾಗಿ ಗುಡ್ಡದ ನೆಲ. ಅವರಲ್ಲಿ ಕೆಲವರು ಕಲ್ಕತ್ತೆಗೆ ಬಂದು ಟಾಂಗ್ರಾದಲ್ಲಿ ಚರ್ಮ ಹದ ಮಾಡುವ ಕೆಲಸ ಹಿಡಿದರು. ಮೇಲ್ಜಾತಿಯವರು ಮುಟ್ಟದ ಕೆಲಸ. 1962ರ ಯುದ್ಧದಲ್ಲಿ ಚೀನೀ ಮೂಲದ ಸಾವಿರಾರು ಜನರನ್ನು ರಾಜಸ್ಥಾನದ ದೇವಳಿ ಶಿಬಿರದಲ್ಲಿ ಕೂಡಿಹಾಕಿದರು. ಆಮೇಲೆ ಎಷ್ಟೋ ಮಂದಿ ಕೆನಡಾಕ್ಕೆ ಹೋದರು. ಉಳಿದವರ ಹದದ ಕಾರ್ಖಾನೆಗಳ ನಡುವೆಯೇ ಹೋಟೆಲುಗಳು ಎದ್ದವು.

ನನ್ನ ಅಪ್ಪನೂ ಚರ್ಮ ಹದ ಮಾಡುತ್ತಿದ್ದರು. ಅದಕ್ಕೇ ಟಾಂಗ್ರಾ ನೋಡಲು ಹೋಗಿದ್ದೆ.

ಹೋಟೆಲಿನ ಅಜ್ಜಿ ಹಿಂದಿಯಲ್ಲಿ ನಗುತ್ತಾ ಹೇಳಿದರು: "ನೀವು ಕೇಳಿದ ಖಾರದ ನೂಡಲ್ಸ್ ನಿಮಗಾಗಿ ಮಾಡುವುದು. ನಮ್ಮ ಮನೆಯ ಊಟ ಬೇರೆ." ನಿಜವೇ. ಚೀನಾದಲ್ಲೂ ಒಂದೇ ಚೀನೀ ಊಟವಿಲ್ಲ. ಉತ್ತರದಲ್ಲಿ ಗೋಧಿ, ದಕ್ಷಿಣದಲ್ಲಿ ಅನ್ನ. ಸಿಚುವಾನಿನಲ್ಲಿ ಮೆಣಸಿನಕಾಯಿ, ಜೊತೆಗೆ ನಾಲಿಗೆ ಜುಮ್ಮೆನ್ನಿಸುವ ಕಾಳು (ನಮ್ಮ ಮಲೆನಾಡಿನ ಜುಮ್ಮನಕಾಯಿಯ ದಾಯಾದಿ). ಗ್ವಾಂಗ್‌ಡಾಂಗಿನಲ್ಲಿ ಬರೀ ಹಬೆಯಲ್ಲಿ ಬೆಂದ ಮೀನು.

ಅಜ್ಜಿ ತಮ್ಮ ಬಟ್ಟಲನ್ನೇ ಮುಂದಿಟ್ಟರು. ಉಪ್ಪು ಹಾಕಿ ಒಣಗಿಸಿದ ಸಾಸಿವೆ ಸೊಪ್ಪು, ಅದರಲ್ಲಿ ಬೆಂದ ಹಂದಿಯ ಕೊಬ್ಬಿನ ತುಂಡುಗಳು. ವಾಸನೆ ಮೂಗಿಗೆ ಬಡಿಯಿತು. ಯೋಚಿಸುವ ಮೊದಲೇ ನನ್ನ ಕೈ ಮೂಗಿಗೆ ಹೋಗಿತ್ತು.

ಅಜ್ಜಿ ಏನೂ ಅನ್ನಲಿಲ್ಲ. ಬಟ್ಟಲನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡರು, ಅಷ್ಟೆ.

ಆ ಎಳೆದುಕೊಳ್ಳುವುದು ನನಗೆ ಗೊತ್ತು. ಶಾಲೆಯಲ್ಲಿ ನನ್ನ ಬುತ್ತಿ ಬಿಚ್ಚಿದರೆ ಪಕ್ಕದ ಹುಡುಗರು ಮೂಗು ಮುಚ್ಚುತ್ತಿದ್ದರು. ನಾನು ಬುತ್ತಿಯನ್ನು ಹಾಗೇ ತೊಡೆಯ ಕಡೆಗೆ ಎಳೆದುಕೊಳ್ಳುತ್ತಿದ್ದೆ. ಸುತ್ತನಿಪಾತದ ಆಮಗಂಧ ಸುತ್ತವನ್ನು ನಮ್ಮ ವಿಹಾರದಲ್ಲಿ ನಾನೇ ಎಷ್ಟು ಸಲ ವಿವರಿಸಿಲ್ಲ! ನಾರುವುದು ಮಾಂಸವಲ್ಲ, ಕೊಲೆ, ಕಳವು, ಸುಳ್ಳು, ಸೊಕ್ಕು ನಾರುತ್ತವೆ ಎಂದು. ಹೇಳುವಾಗ ಬೆರಳು ಯಾವಾಗಲೂ ಮೇಲ್ಜಾತಿಯವರ ಕಡೆಗೇ ಇರುತ್ತಿತ್ತು.

"ಅಜ್ಜಿ, ತಪ್ಪಾಯಿತು. ನನಗೂ ಕೊಡಿ" ಎಂದೆ. ಅವರು ಕ್ಷಣ ನೋಡಿ, ಒಳಗೆ ಹೋಗಿ ಇನ್ನೊಂದು ಬಟ್ಟಲು ತಂದರು.

ಮೊದಲ ತುತ್ತು ಕಷ್ಟವಾಯಿತು, ಸುಳ್ಳು ಹೇಳುವುದಿಲ್ಲ. ಎರಡನೆಯದಕ್ಕೆ ಅವ್ವ ಹಗ್ಗದ ಮೇಲೆ ಬಿಸಿಲಿಗೆ ಒಣಹಾಕುತ್ತಿದ್ದ ಕೊರಬಾಡಿನ ನೆನಪು ಬಂತು.

ಭವತು ಸಬ್ಬ ಮಂಗಳಂ.