ಪಾಳೆಯದ ಹೊರಗೆ ಚಾಚಿದ ಕೈ

ಆಫೀಸು, ಟ್ರಾಫಿಕ್ಕು, ಸುಸ್ತು ಎಲ್ಲಾ ದಾಟಿ ಯೌವನಸ್ಥರ ಕೂಟಕ್ಕೆ ಬಂದಿದ್ದೀರಿ, ಕರ್ತನು ನಿಮ್ಮನ್ನು ಆಶೀರ್ವದಿಸಲಿ. ಬೈಬಲ್ ತೆರೆಯಿರಿ. ಮಾರ್ಕ 1ನೇ ಅಧ್ಯಾಯ, 40ರಿಂದ 45.

ಒಬ್ಬ ಕುಷ್ಠರೋಗಿ ಯೇಸು ಸ್ವಾಮಿಯ ಮುಂದೆ ಮೊಣಕಾಲೂರುತ್ತಾನೆ. ಅವನ ಮಾತನ್ನು ನಿಧಾನವಾಗಿ ಓದಿ. ಯೇಸುವಿಗೆ ವಾಸಿಮಾಡುವ ಶಕ್ತಿ ಇದೆ ಅನ್ನೋದರಲ್ಲಿ ಅವನಿಗೆ ಅನುಮಾನವೇ ಇಲ್ಲ. ಮನಸ್ಸು ಇದೆಯಾ ಅನ್ನೋದೇ ಅವನ ಅನುಮಾನ.

ಆ ಅನುಮಾನ ಎಲ್ಲಿಂದ ಬಂತು? ಯಾಜಕಕಾಂಡ 13ನೇ ಅಧ್ಯಾಯದ ಪ್ರಕಾರ ಅಂಥವನು ಪಾಳೆಯದ ಹೊರಗೆ ಇರಬೇಕು, ತಾನು ಅಶುದ್ಧ ಅಂತ ತಾನೇ ಕೂಗಬೇಕು. ವರ್ಷಗಟ್ಟಲೆ ಯಾರೂ ಮುಟ್ಟದವನು "ಇವರಾದರೂ ಮುಟ್ಟುತ್ತಾರಾ" ಅಂತ ಕೇಳದೆ ಇನ್ನೇನು ಕೇಳ್ತಾನೆ? ಆದರೆ ಒಂದು ಮಾತು. ಅಲ್ಲಿ ರೋಗ ಹೋದರೆ ಯಾಜಕನು ಪರೀಕ್ಷಿಸಿ ಒಳಗೆ ಸೇರಿಸಿಕೊಳ್ಳುತ್ತಿದ್ದ. ನಮ್ಮ ದೇಶದಲ್ಲಿ ರೋಗವೇ ಇಲ್ಲದವರನ್ನು ಹುಟ್ಟಿದ ದಿನವೇ ಹೊರಗಿಟ್ಟರು. ಒಳಗೆ ಕರೆಯೋಕೆ ಯಾವ ಯಾಜಕನೂ ಬರಲಿಲ್ಲ.

ಇದಕ್ಕೆ ಚರಿತ್ರೆಯಲ್ಲಿ ಸಾಕ್ಷಿ ಇದೆ. ಡಾ. ಅಂಬೇಡ್ಕರ್ ಅವರು "ವೇಟಿಂಗ್ ಫಾರ್ ಎ ವೀಸಾ" ಅನ್ನೋ ಬರಹದಲ್ಲಿ 1929ರ ಒಂದು ಪತ್ರವನ್ನು ಸೇರಿಸಿದ್ದಾರೆ. ಅದು ಆ ವರ್ಷ ಡಿಸೆಂಬರ್ 12ರಂದು ಗಾಂಧೀಜಿಯವರ "ಯಂಗ್ ಇಂಡಿಯಾ"ದಲ್ಲಿ ಅಚ್ಚಾಗಿತ್ತು. ಬರೆದವನು ಗುಜರಾತಿನ ಕಾಠಿಯಾವಾಡದ ಒಬ್ಬ ದಲಿತ ಶಾಲಾ ಮೇಷ್ಟ್ರು. ಅವನ ಹೆಂಡತಿ ಬಾಣಂತಿ. ಹೆರಿಗೆಯಾಗಿ ಎರಡೇ ದಿನಕ್ಕೆ ಕಾಯಿಲೆ ಬಿದ್ದಳು. ಡಾಕ್ಟರು ಕೇರಿಗೆ ಬರಲ್ಲ ಅಂದ. ಊರಿನ ದೊಡ್ಡವರು ಎರಡು ರೂಪಾಯಿ ಫೀಸಿಗೆ ಜಾಮೀನು ನಿಂತ ಮೇಲೆ ಬಂದ, ಅದೂ ಒಂದು ಷರತ್ತಿನ ಮೇಲೆ: ರೋಗಿಯನ್ನು ಕೇರಿಯಿಂದ ಆಚೆ ಕರೆದು ತರಬೇಕು. ಎಳೇ ಕೂಸಿನ ಜೊತೆ ಆ ತಾಯಿಯನ್ನು ಹೊರಗೆ ತಂದರು. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸ್ಲಿಮನ ಕೈಗೆ ಕೊಟ್ಟ, ಅವನು ಗಂಡನಿಗೆ, ಗಂಡ ಹೆಂಡತಿಗೆ. ವಾಪಸ್ ಬಂದದ್ದೂ ಅದೇ ದಾರಿಯಲ್ಲಿ. ರಾತ್ರಿ ದೀಪದ ಬೆಳಕಲ್ಲಿ ನೋಡಿ ನ್ಯುಮೋನಿಯಾ ಅಂದ, ಔಷಧಿ ಕಳಿಸಿದ. ಆಮೇಲೆ ಬಂದು ನೋಡಲು ಒಪ್ಪಲಿಲ್ಲ. ಆ ತಾಯಿ ತೀರಿಹೋದಳು.

ಪ್ರಿಯರೇ, ಆ ಡಾಕ್ಟರಿಗೆ ಓದು ಇತ್ತು, ಔಷಧಿ ಇತ್ತು, ಥರ್ಮಾಮೀಟರ್ ಇತ್ತು. ಮನಸ್ಸು ಇರಲಿಲ್ಲ. ಕುಷ್ಠರೋಗಿಯ ಪ್ರಶ್ನೆ ಇದೇ ಅಲ್ವಾ?

"ಪಾಸ್ಟರ್, ಅದು ಹಳೇ ಕಾಲ" ಅಂತೀರಿ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಅಸ್ಪೃಶ್ಯತೆಯ ಕಾರಣಕ್ಕೆ ಆಸ್ಪತ್ರೆಗೆ ಸೇರಿಸಿಕೊಳ್ಳದಿದ್ದರೆ 1955ರ ಕಾನೂನಿನಲ್ಲಿ ಶಿಕ್ಷೆ ಇದೆ. ಆದರೂ 11 ರಾಜ್ಯಗಳ 565 ಹಳ್ಳಿಗಳಲ್ಲಿ ನಡೆಸಿ, 2006ರಲ್ಲಿ ಪುಸ್ತಕವಾಗಿ ಬಂದ ಅಧ್ಯಯನದಲ್ಲಿ ಏನು ಕಂಡಿತು? ಸುಮಾರು ಮೂರರಲ್ಲಿ ಒಂದು ಹಳ್ಳಿಯಲ್ಲಿ ಆರೋಗ್ಯ ಕಾರ್ಯಕರ್ತರು ದಲಿತರ ಮನೆಗೆ ಹೋಗುತ್ತಿರಲಿಲ್ಲ. ಮನೆಗೆ ಬರಲಿಲ್ಲ ಅಂದರೆ ಗರ್ಭಿಣಿಯ ಬಿ.ಪಿ. ನೋಡುವವರಿಲ್ಲ, ಮಗುವಿನ ಲಸಿಕೆ ತಪ್ಪುತ್ತೆ. ಅಲ್ಲಿ ಯಾರೂ ಬಾಗಿಲು ಹಾಕಲಿಲ್ಲ. ಬಾಗಿಲ ತನಕ ಯಾರೂ ಬರಲಿಲ್ಲ, ಅಷ್ಟೇ.

ಬೆಂಗಳೂರಲ್ಲಿ ಯಾರೂ ಜಾತಿ ಕೇಳಲ್ಲ ಅಂತೀರಾ? ನೇರವಾಗಿ ಕೇಳಲ್ಲ. ಊರು ಯಾವುದು, ಅಪ್ಪ ಏನು ಮಾಡ್ತಾರೆ ಅಂತ ಕೇಳ್ತಾರೆ. ನಾನು ಪ್ರಾರ್ಥನೆಗೆ ಅಂತ ವಾರ್ಡ್‌ಗಳಿಗೆ ಹೋಗ್ತಾ ಇರ್ತೀನಿ. "ಡಾಕ್ಟರ್ ಏನಂದ್ರು ಅಮ್ಮ?" ಅಂದರೆ ಕೆಲವರು ಹೇಳೋದು ಒಂದೇ ಮಾತು: "ಕೇಳ್ಲಿಲ್ಲ ಪಾಸ್ಟ್ರೇ, ಬೈತಾರೆ." ತಲೆಮಾರುಗಳಿಂದ ಗದರಿಸಿಕೊಂಡು ಬಂದವರು ಆಸ್ಪತ್ರೆಯಲ್ಲೂ ಬಾಯಿ ತೆರೆಯೋದಿಲ್ಲ. ತೆರೆಯದೆ ಇದ್ದರೆ ಮಾತ್ರೆ ಯಾವಾಗ ತಗೋಬೇಕು ಅಂತಾನೂ ಗೊತ್ತಾಗೋದಿಲ್ಲ.

ಈಗ ಯೇಸು ಸ್ವಾಮಿ ಏನು ಮಾಡಿದರು ನೋಡಿ. ಕಪೆರ್ನೌಮಿನಲ್ಲಿ ಶತಾಧಿಪತಿಯ ಆಳನ್ನು ದೂರದಿಂದಲೇ, ಒಂದು ಮಾತಿನಿಂದ ವಾಸಿಮಾಡಿದವರು ಅವರು. ಈ ಕುಷ್ಠರೋಗಿಯನ್ನೂ ಹಾಗೇ ಮಾಡಬಹುದಿತ್ತು. ಮಾಡಲಿಲ್ಲ. ಮೊದಲು ಕೈ ಚಾಚಿದರು, ಮುಟ್ಟಿದರು. ಅವನು ಶುದ್ಧನಾದದ್ದು ಆಮೇಲೆ. ಶುದ್ಧನಾದ ಮೇಲೆ ಮುಟ್ಟಿದ್ದಲ್ಲ, ಅಶುದ್ಧ ಅಂತ ಲೋಕ ಹೇಳುತ್ತಿರುವಾಗಲೇ ಮುಟ್ಟಿದ್ದು. ಹಲ್ಲೆಲೂಯ!

45ನೇ ವಚನ ಬಿಡಬೇಡಿ. ವಾಸಿಯಾದವನು ಊರೆಲ್ಲಾ ಸುತ್ತಿ ಸಾರುತ್ತಾನೆ. ಯೇಸು ಸ್ವಾಮಿಗೋ ಊರೊಳಗೆ ಬಹಿರಂಗವಾಗಿ ಕಾಲಿಡಲಾಗದೆ ಹೊರಗೆ, ಅಡವಿಯ ಸ್ಥಳಗಳಲ್ಲಿ ಇರಬೇಕಾಯಿತು. ಇಬ್ಬರ ಜಾಗ ಅದಲುಬದಲಾಯಿತು! ಇಬ್ರಿಯ 13ರಲ್ಲಿ ಕರ್ತನು ಬಾಗಿಲಿನ ಹೊರಗೆ ಬಾಧೆಪಟ್ಟ ಅಂತಿದೆ, ನಾವೂ ಪಾಳೆಯದ ಹೊರಗೆ ಆತನ ಬಳಿಗೆ ಹೋಗಬೇಕು ಅಂತಿದೆ. ಆ ಡಾಕ್ಟರು ರೋಗಿಯನ್ನು ಕೇರಿಯಿಂದ ಆಚೆ ಬಾ ಅಂದ. ನಮ್ಮ ವೈದ್ಯನು ತಾನೇ ಕೇರಿಗೆ ಹೋಗುವವನು.

ನಮ್ಮದು ಸ್ವಸ್ಥತೆಗಾಗಿ ಪ್ರಾರ್ಥಿಸುವ ಸಭೆ. ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸ್ತೀವಿ. ಅದೇ ಕೈ ಸೋಮವಾರ ಏನು ಮಾಡುತ್ತೆ? ನಿಮ್ಮಲ್ಲಿ ನರ್ಸುಗಳಿದ್ದೀರಿ, ಲ್ಯಾಬ್‌ನಲ್ಲಿ, ಬಿಲ್ಲಿಂಗ್ ಕೌಂಟರ್‌ನಲ್ಲಿ ಇರುವವರಿದ್ದೀರಿ. ಕ್ಯೂನಲ್ಲಿ ಹೆದರಿ ನಿಂತವರಿಗೆ "ಅಮ್ಮ, ಬನ್ನಿ, ಕೂತ್ಕೊಳ್ಳಿ" ಅನ್ನೋದೂ ಸೇವೆಯೇ. ಉಳಿದವರು, ನಿಮ್ಮ ಬೀದಿ ಗುಡಿಸುವ ಪೌರಕಾರ್ಮಿಕ ಅಕ್ಕನ ಹೆಸರು ಗೊತ್ತಾ? ಅವರಲ್ಲಿ ಹೆಚ್ಚಿನವರು ದಲಿತ ಹೆಣ್ಣುಮಕ್ಕಳು. ನಮ್ಮ ಕಸದ ಧೂಳು ಹೋಗೋದು ಅವರ ಶ್ವಾಸಕೋಶಕ್ಕೆ. ಅವರಿಗೆ ಕೆಮ್ಮು ಬಂದರೆ ಒಂದು ದಿನ ರಜೆ ಹಾಕಿ ಜೊತೆಗೆ ಆಸ್ಪತ್ರೆಗೆ ಹೋಗಿ. ಬಿ.ಪಿ.ಎಲ್. ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶವಿದೆ. ಆ ಫಾರಂ, ಆ ರೆಫರಲ್ ಚೀಟಿ, ಅದನ್ನು ಓದಿ ಹೇಳೋಕೆ ನಿಮಗಿಂತ ಯಾರು ಬೇಕು? ಜಾತಿಯ ಕಾರಣಕ್ಕೆ ಅವಮಾನವಾದರೆ 14566ಕ್ಕೆ ಫೋನ್ ಮಾಡೋಕೆ ಜೊತೆ ನಿಲ್ಲಿ.

ಒಂದು ಕಠಿಣ ಮಾತು ಹೇಳ್ತೀನಿ, ಪ್ರೀತಿಯಿಂದ ಕೇಳಿ. ಸಭೆಗಳಲ್ಲೂ ಮದುವೆ ಮಾತು ಬಂದಾಗ ಜಾತಿ ಹುಡುಕೋರು ಇದ್ದಾರೆ. ಕರ್ತನ ಮೇಜಿನಲ್ಲಿ ಒಂದೇ ರೊಟ್ಟಿ ತಿಂದು, ಮನೆಯಲ್ಲಿ ಬೇರೆ ಲೋಟ ಇಡೋದಾದರೆ ನಮ್ಮ ಅನ್ಯಭಾಷೆಯೂ ಬರೀ ಸದ್ದೇ.

ಎದ್ದು ನಿಲ್ಲೋಣ. ಎರಡೂ ಕೈ ಚಾಚಿ. ಕರ್ತನೇ, ಈ ಕೈಗಳನ್ನು ನಿನಗೆ ಒಪ್ಪಿಸುತ್ತೇವೆ. ಯಾರನ್ನು ಮುಟ್ಟಲು ಲೋಕ ಹಿಂಜರಿಯುತ್ತದೋ ಅವರ ಬಳಿಗೆ ನಮ್ಮನ್ನು ನಡೆಸು. "ನಿನಗೆ ಮನಸ್ಸಿದೆಯಾ" ಅಂತ ಅವರು ಕೇಳುವ ಮೊದಲೇ ನಮ್ಮ ಕೈ ಚಾಚಿರಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.